ಬ್ಯಾಸಗಿಯ ಕ್ರಿಸ್‌ಮಸ್‌ಗೆ ಎಳ್ಳ ಅಮವಾಸ್ಯೆಯ ಬುತ್ತಿ

ಆಸ್ಟ್ರೇಲಿಯಾದಲ್ಲಿ ಡಿಸೆಂಬರ್ ಅಂದರೆ ಬೇಸಿಗೆ. ಅಲ್ಲಿನ ಕ್ರಿಸ್‌ಮಸ್ ದಿನದ ಮಾತಿಗೆ ಮುಂಚೆ ಪೇಡೆಯ ಮಾತು ಮುಗಿಸಿಬಿಡೋಣ. ಡಿಸೆಂಬರ್‌ನಲ್ಲಿ ಮೆಲ್ಬರ್ನ್, ಸಿಡ್ನಿಗೆ ಹೊರಟವರ ಬ್ಯಾಗಿಗೆ ಎರಡು ಕಿಲೋ ಧಾರವಾಡ ಪೇಡೆ ತುರುಕುವುದು ನಮ್ಮ ಕಡೆಯ ರೂಢಿ. ತುರುಕಬೇಡಿ. ಭಾರತದಲ್ಲಿ ದನಗಳ ಕಾಲುಬಾಯಿ ರೋಗ ಇರುವುದರಿಂದ ನಮ್ಮ ಹಾಲಿನ ಸಿಹಿಯನ್ನು ಆಸ್ಟ್ರೇಲಿಯಾ ಒಳಗೆ ಬಿಡುವುದಿಲ್ಲ. ಪೇಡೆ, ಕುಂದಾ, ಬರ್ಫಿ ಎಲ್ಲಕ್ಕೂ ಒಂದೇ ನಿಯಮ. ಇಳಿಯುವ ಮುಂಚೆ ತುಂಬುವ ಕಾರ್ಡಿನಲ್ಲಿ ತಿನಿಸು ಇದೆ ಎಂದು ಒಪ್ಪಿಕೊಂಡರೆ ಡಬ್ಬಿಯಷ್ಟೇ ಹೋಗುತ್ತದೆ, ದಂಡ ಬೀಳುವುದಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಸಾವಿರಾರು ಡಾಲರ್‌ಗೆ ಏರಬಹುದು, ವೀಸಾ ರದ್ದು ಮಾಡುವ ಅಧಿಕಾರವೂ ಅವರಿಗಿದೆ. ಪ್ಯಾಕ್ ಮಾಡಿಸಿದ ಶೇಂಗಾ ಹಿಂಡಿ, ಕಡಕ್ ರೊಟ್ಟಿ ಸಾಮಾನ್ಯವಾಗಿ ದಾಟುತ್ತವೆ. ಆದರೆ ಅವನ್ನೂ ಕಾರ್ಡಿನಲ್ಲಿ ತೋರಿಸಲೇಬೇಕು. ಬೀಜವಿರುವ ಇಡೀ ಮೆಣಸಿನಕಾಯಿ, ಅಕ್ಕಿ ಮನೆಯಲ್ಲೇ ಇರಲಿ.

ಪೇಡೆ ಬೇಕೇ ಬೇಕೆಂದರೆ ಅಲ್ಲೇ ಹುರಿಯಬೇಕು. ಇಂಡಿಯನ್ ಅಂಗಡಿಗಳ ಫ್ರೀಜರಿನಲ್ಲಿ ಖೋವಾ ಸಿಗುತ್ತದೆ. 500 ಗ್ರಾಂ ಖೋವಾ, ದಪ್ಪ ತಳದ ಬಾಣಲೆ, ಸಣ್ಣ ಉರಿ, 30ರಿಂದ 40 ನಿಮಿಷ ಬಿಡದೆ ಕೈಯಾಡಿಸುವ ತಾಳ್ಮೆ. ಒಣಗಿ ಉದುರಾದಾಗಲೆಲ್ಲ ಒಂದು ಚಮಚ ಹಾಲು ಚಿಮುಕಿಸಿ, ಮತ್ತೆ ಹುರಿದು ಕಂದು ಬಣ್ಣಕ್ಕೆ ತರಬೇಕು. ಕೆಡುವುದು ಎರಡು ಕಡೆ. ಅವಸರಕ್ಕೆ ಉರಿ ಏರಿಸಿದರೆ ತಳ ಹತ್ತಿ ಕಹಿಯಾಗುತ್ತದೆ. ಸುಡುವ ಖೋವಾಕ್ಕೇ ಸಕ್ಕರೆ ಸುರಿದರೆ ಕರಗಿ ಹಲ್ಲಿಗೆ ಅಂಟುತ್ತದೆ. ಉಗುರುಬೆಚ್ಚಗಾದ ಮೇಲೆ 150 ಗ್ರಾಂ ಪುಡಿಸಕ್ಕರೆ ಕಲಸಿ, ಉಂಡೆ ಕಟ್ಟಿ, ಸಕ್ಕರೆಯಲ್ಲಿ ಹೊರಳಿಸಿದರೆ ಆಯಿತು. ಲೈನ್ ಬಜಾರಿನ ರುಚಿ ಬರಲಿಲ್ಲ ಅಂತ ಧಾರವಾಡದವರು ಮೂಗು ಮುರಿಯುತ್ತಾರೆ. ಮುರಿಯಲಿ.

ಇನ್ನು ಕ್ರಿಸ್‌ಮಸ್ ದಿನದ ಮಾತು. ಡಿಸೆಂಬರ್ 25ರಂದು ದೊಡ್ಡ ಸೂಪರ್‌ಮಾರ್ಕೆಟ್‌ಗಳ ಬಾಗಿಲು ಮುಚ್ಚಿರುತ್ತದೆ. ದೀಪಾವಳಿ ದಿನವೂ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಏನಾದರೂ ಸಿಕ್ಕೀತೆಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಹಾಲು, ಮೊಸರು, ತರಕಾರಿ 23ರೊಳಗೆ ಮನೆ ಸೇರಬೇಕು, 24ಕ್ಕೆ ಗಾಡಿ ನಿಲ್ಲಿಸಲೂ ಜಾಗ ಸಿಗದು. ಬಿ.ಪಿ., ಶುಗರ್ ಗುಳಿಗೆ ತಗೊಳ್ಳುವವರು ಡಾಕ್ಟರ್ ಚೀಟಿಯನ್ನು ಎರಡು ವಾರ ಮುಂಚೆಯೇ ಬರೆಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಎಷ್ಟೋ ಕ್ಲಿನಿಕ್ಕುಗಳು ಹೊಸ ವರ್ಷದ ತನಕ ತೆರೆಯುವುದಿಲ್ಲ. "ಹಬ್ಬದ ದಿನಾನೂ ಕೆಲಸಕ್ಕ ಹೋಗ್ಯಾನ" ಎಂದು ಮರುಗುವ ಅವ್ವಂದಿರಿಗೆ ಒಂದು ಮಾತು: ಆ ದಿನ ಅಂಗಡಿ, ಹೋಟೆಲಿನ ಬಿಡಿಗೆಲಸಕ್ಕೆ ಮಾಮೂಲಿನ ಸುಮಾರು ಎರಡು ಪಟ್ಟು ಕೂಲಿ. ಕಾಲೇಜು ನಡೆಯುವಾಗ ವಿದ್ಯಾರ್ಥಿಗಳಿಗೆ ಹದಿನೈದು ದಿನಕ್ಕೆ 48 ತಾಸು ಎಂಬ ಮಿತಿ ಇದೆ, ರಜೆಯಲ್ಲಿ ಅದು ಇಲ್ಲ.

ಊಟವನ್ನು ಮನೆಯೊಳಗೆ ಇಡುವುದಕ್ಕಿಂತ ಪಾರ್ಕಿಗೆ ಒಯ್ಯುವುದೇ ಸರಿ. ಎಳ್ಳ ಅಮವಾಸ್ಯೆಗೆ ಗದಗ, ನವಲಗುಂದದ ಕಡೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಗಿಡದ ನೆರಳಿಗೆ ಊಟಕ್ಕೆ ಕೂರುತ್ತಾರಲ್ಲ, ಅಲ್ಲಿನವರ ಕ್ರಿಸ್‌ಮಸ್ ಊಟವೂ ಹೆಚ್ಚುಕಡಿಮೆ ಅಂಥದ್ದೇ. ಅವರ ಬುತ್ತಿಯಲ್ಲಿ ತಣ್ಣನೆಯ ಹ್ಯಾಮ್, ಸಿಗಡಿ, ಚೆರ್ರಿ, ಪಾವ್ಲೋವಾ ಎಂಬ ಕೆನೆ-ಹಣ್ಣಿನ ಸಿಹಿ ಇರುತ್ತವೆ. ನಮ್ಮದರಲ್ಲಿ ರೊಟ್ಟಿ, ಎಣ್ಣಿಗಾಯಿ, ಮೊಸರನ್ನ. ವ್ಯತ್ಯಾಸ ಬಿಸಿಲಿನದು. ಎಳ್ಳ ಅಮವಾಸ್ಯೆ ಚಳಿಗಾಲದ ಹಬ್ಬ, ಮಧ್ಯಾಹ್ನದ ತನಕ ಬುತ್ತಿಗೆ ಏನೂ ಆಗದು. 38 ಡಿಗ್ರಿಯಲ್ಲಿ ಹಾಗಲ್ಲ. ಅಡುಗೆ ಕೆಡುವುದು 5ರಿಂದ 60 ಡಿಗ್ರಿಯ ನಡುವೆ. ಅಲ್ಲಿನ ಲೆಕ್ಕ ಹೀಗಿದೆ: ಎರಡು ತಾಸಿನೊಳಗಾದರೆ ಮತ್ತೆ ಫ್ರಿಜ್ಜಿಗೆ ಇಡಬಹುದು, ನಾಲ್ಕು ತಾಸಿನೊಳಗಾದರೆ ಉಂಡು ಮುಗಿಸಬೇಕು, ದಾಟಿದರೆ ಚೆಲ್ಲಬೇಕು.

ಎಣ್ಣಿಗಾಯಿಯನ್ನು ಹಿಂದಿನ ರಾತ್ರಿ ಮಾಡಿ, ಅಗಲ ತಟ್ಟೆಗೆ ಹರಡಿ ಆರಿಸಿ ಫ್ರಿಜ್ಜಿಗಿಡಿ. ಆಳದ ಪಾತ್ರೆಯಲ್ಲೇ ಬಿಟ್ಟರೆ ನಡುಭಾಗ ತಾಸುಗಟ್ಟಲೆ ಬೆಚ್ಚಗಿದ್ದು ಹಳಸುತ್ತದೆ. ಎಂಟು ಮಂದಿಯ ಮೊಸರನ್ನಕ್ಕೆ 3 ಕಪ್ ಅಕ್ಕಿ, ಬೆಳಿಗ್ಗೆ ಕಲಸುವಾಗ 3 ಕಪ್ ಹಾಲು, ಒಂದೇ ಕಪ್ ಮೊಸರು. ಉಳಿದ ಮೊಸರು ತಣ್ಣಗೆ ಬೇರೆ ಡಬ್ಬಿಯಲ್ಲಿ ಬರಲಿ. ಮೊದಲೇ ಪೂರ್ತಿ ಕಲಸಿದರೆ ಊಟದ ಹೊತ್ತಿಗೆ ಹುಳಿ ಹೊಡೆಯುತ್ತದೆ. ಶೇಂಗಾ ಹಿಂಡಿಗೂ ಮೊಸರು ತಿನ್ನುವಾಗಲೇ. ಎಸ್ಕಿ ಎನ್ನುವ ಥರ್ಮೊಕೋಲಿನಂಥ ಪೆಟ್ಟಿಗೆ ಎರಡಿರಬೇಕು, ಒಂದು ಊಟಕ್ಕೆ, ಇನ್ನೊಂದು ಕುಡಿಯಲಿಕ್ಕೆ. ಹುಡುಗರು ಜ್ಯೂಸಿಗೆಂದು ಐದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದರೂ ಊಟದ ಪೆಟ್ಟಿಗೆ ತಣ್ಣಗೇ ಇರುತ್ತದೆ. ಎರಡು ಲೀಟರಿನ ನೀರಿನ ಬಾಟಲಿಗಳನ್ನು ಹಿಂದಿನ ರಾತ್ರಿಯೇ ಗಡ್ಡೆ ಕಟ್ಟಿಸಿ ಕೆಳಗಿಟ್ಟರೆ ಮಂಜುಗಡ್ಡೆ ಕೊಳ್ಳಬೇಕಿಲ್ಲ, ಕರಗಿದ ಮೇಲೆ ಕುಡಿಯಲೂ ಬರುತ್ತದೆ.

ಪಾರ್ಕುಗಳಲ್ಲಿ ಗುಂಡಿ ಒತ್ತಿದರೆ ಕಾಯುವ ಕರೆಂಟಿನ ಒಲೆಗಳಿವೆ, ಬಹುತೇಕ ಕಡೆ ಪುಕ್ಕಟೆ. ಸ್ವಲ್ಪ ಹೊತ್ತಿಗೆ ತಾನೇ ಆರುತ್ತದೆ, ಕೆಟ್ಟಿಲ್ಲ, ಮತ್ತೆ ಒತ್ತಬೇಕು. ಅದರ ಮೇಲೆ ಮಾಂಸ ಬೇಯಿಸಿರುತ್ತಾರೆ, ಮಾಂಸ ನಡೆಯದವರು ಸಪಾಟು ತಳದ ತವೆ ಒಯ್ಯಿರಿ. ಬಿಸಿಗಾಳಿಯ ದಿನ 'ಟೋಟಲ್ ಫೈರ್ ಬ್ಯಾನ್' ಸಾರಿದ್ದರೆ ಕಟ್ಟಿಗೆ, ಇದ್ದಿಲಿನ ಒಲೆ ಹೊತ್ತಿಸುವುದು ಅಪರಾಧ. ಹೊರಡುವ ಮುಂಚೆ ಫೋನಿನಲ್ಲಿ ನೋಡಿಕೊಳ್ಳಿ. "ಹುಬ್ಬಳ್ಳಿ ಬಿಸಿಲು ಕಂಡವರಿಗೆ ಇದೇನು ಮಹಾ" ಎನ್ನುವವರ ಬೆನ್ನೇ ಸಂಜೆಗೆ ಉರಿಯುವುದು. ಬಿಸಿಲು ಚರ್ಮ ಸುಡುವ ಬಲವನ್ನು ಅಳೆಯುವ ಯುವಿ ಸೂಚ್ಯಂಕ 3 ಮುಟ್ಟಿದರೆ ಸನ್‌ಸ್ಕ್ರೀನ್ ಬೇಕು, ಅಲ್ಲಿ ಡಿಸೆಂಬರಿನಲ್ಲಿ ಅದು 11ನ್ನೂ ಮೀರುತ್ತದೆ. ಇಡೀ ಮೈಗೆ ಏಳು ಟೀ ಚಮಚ, ಹೊರಡುವ 20 ನಿಮಿಷ ಮೊದಲು, ಆಮೇಲೆ ಎರಡು ತಾಸಿಗೊಮ್ಮೆ. ಸಮುದ್ರಕ್ಕೆ ಹೋದರೆ ಕೆಂಪು-ಹಳದಿ ಬಾವುಟಗಳ ನಡುವೆಯೇ ಇಳಿಯಿರಿ. ಈಜು ಬರುತ್ತದೆಂಬ ಧೈರ್ಯ ಬಾವುಟದಾಚೆಗೆ ಕೆಲಸಕ್ಕೆ ಬಾರದು.

ಬಾಸೆಲ್ ಮಿಷನ್ ಕಾಲದಿಂದ ಬಂದ ಧಾರವಾಡ, ಬೆಟಗೇರಿಯ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಮನೆತನದ ಮಕ್ಕಳಿಗೆ ಅಲ್ಲಿ ಹತ್ತಿರದ ನೆಂಟಸ್ತನ ಯುನೈಟಿಂಗ್ ಚರ್ಚಿನದು. ಸಿ.ಎಸ್.ಐ.ಯಂತೆ ಅದೂ 1977ರಲ್ಲಿ ಹಲವು ಸಭೆಗಳು ಕೂಡಿಯೇ ಹುಟ್ಟಿತು. ಆರಾಧನೆ ಇಂಗ್ಲಿಷಿನಲ್ಲಿ, ಸುಮಾರು ಒಂದು ತಾಸಿಗೆ ಮುಗಿಯುತ್ತದೆ. ಆಮೇಲೆ ಸಂಜೆಯವರೆಗಿನ ಹೊತ್ತೇ ಭಾರ. ಒಬ್ಬರೇ ಇರುವವರು ವಾರದ ಮುಂಚೆಯೇ ಯಾರ ಬುತ್ತಿಗಾದರೂ ಸೇರಿಕೊಳ್ಳಬೇಕು. ಮನಸ್ಸು ತೀರಾ ಕುಗ್ಗಿದರೆ 13 11 14ಕ್ಕೆ ಕರೆ ಮಾಡಿದರೆ ಲೈಫ್‌ಲೈನ್‌ನವರು ಹಬ್ಬದ ದಿನವೂ ಎತ್ತುತ್ತಾರೆ.

ಫೋನಿನ ಲೆಕ್ಕ ಎಲ್ಲರೂ ತಪ್ಪುವುದೇ. ಆ ಕಾಲಕ್ಕೆ ಮೆಲ್ಬರ್ನ್, ಸಿಡ್ನಿ ನಮಗಿಂತ ಐದೂವರೆ ತಾಸು ಮುಂದು, ಬ್ರಿಸ್ಬೇನ್ ನಾಲ್ಕೂವರೆ, ಪರ್ತ್ ಎರಡೂವರೆ, ನ್ಯೂಜಿಲೆಂಡಿನ ಆಕ್ಲೆಂಡ್ ಏಳೂವರೆ. ರಾತ್ರಿ ಹನ್ನೆರಡಕ್ಕೆ ಹುಬ್ಬಳ್ಳಿಯಿಂದ ಶುಭಾಶಯ ಹೇಳಿದರೆ ಮೆಲ್ಬರ್ನಿನಲ್ಲಿ ಮುಂಜಾನೆ ಐದೂವರೆ, ಯಾರೂ ಎತ್ತುವುದಿಲ್ಲ. ಮಧ್ಯಾಹ್ನ ಊಟ ಮುಗಿಸಿ ಎರಡೂವರೆಗೆ ವಿಡಿಯೋ ಹಚ್ಚಿ. ಅಲ್ಲಿ ರಾತ್ರಿ ಎಂಟು. ಸೂರ್ಯ ಮುಳುಗಲು ಇನ್ನೂ ಮುಕ್ಕಾಲು ತಾಸು ಇರುತ್ತದೆ, ಬುತ್ತಿ ತೊಳೆದು ಬಾಲ್ಕನಿಯಲ್ಲಿ ಬೋರಲು ಹಾಕಿರುತ್ತಾರೆ. "ಎಂಟ್ ಆತಂತಿ, ಇನ್ನೂ ಬಿಸಲೈತಲ್ಲೋ ತಮ್ಮಾ!" ಎಂದು ಆಯಿ ಕೇಳಿದರೆ ಅಲ್ಲಿರುವವರು ಫೋನನ್ನು ಪಡುವಣ ದಿಕ್ಕಿಗೆ ತಿರುಗಿಸಿ ತೋರಿಸಲಿ.