ಹೊರಗೇ ಇಡಬಾರದೇ ಸರ್?

ಮೊನ್ನೆ ಶನಿವಾರ ಉಡುಪಿಯ ಕಾಲೇಜೊಂದರಲ್ಲಿ ಸಿಂಕ್ರೊಟ್ರಾನ್ ಬೆಳಕಿನ (ಅತಿವೇಗದ ಎಲೆಕ್ಟ್ರಾನ್‌ಗಳು ದಾರಿ ಬಾಗುವಾಗ ಸೂಸುವ ಬೆಳಕು) ಕುರಿತು ನಡೆದ ಉಪನ್ಯಾಸ ಮುಗಿಯುತ್ತಿದ್ದಂತೆ, ಬಿ.ಎಸ್ಸಿ. ಓದುವ ಹುಡುಗಿಯೊಬ್ಬಳು ಎದ್ದು, “ಅಯಸ್ಕಾಂತದ ನಾಲ್ಕು ಸಾಲುಗಳನ್ನು ಹೇಗೂ ಸರಿಸುತ್ತಿರಬೇಕಲ್ಲ, ಮತ್ತೆ ನಿರ್ವಾತದ ಒಳಗೆ ಯಾಕೆ, ಹೊರಗೇ ಇಡಬಾರದೇ ಸರ್?” ಎಂದು ಕೇಳಿದಳು. ಉಪನ್ಯಾಸಕರು ನಕ್ಕು, “ಅದೆಲ್ಲ ಈಗ ಬೇಡಮ್ಮ, ಎಂ.ಎಸ್ಸಿ.ಗೆ ಬಂದಾಗ ನೋಡುವ” ಎಂದರು. ಸಭೆಯೂ ನಕ್ಕಿತು.

ನಿರ್ವಾತ ಕೊಳವೆಯೊಳಗೆ ಓಡುವ ಎಲೆಕ್ಟ್ರಾನ್‌ಗಳನ್ನು ಅಯಸ್ಕಾಂತದ ಸಾಲುಗಳ ನಡುವೆ ಓಲಾಡಿಸಿ ಬೆಳಕು ಹೊರಡಿಸುವ ಸಾಧನವೇ ಅಂಡ್ಯುಲೇಟರ್. ಅದನ್ನು ಕಟ್ಟುವವರು ವರ್ಷಗಟ್ಟಲೆ ತಲೆಕೆಡಿಸಿಕೊಂಡದ್ದು ಇದೇ ಪ್ರಶ್ನೆಗೆ. ಉಪನ್ಯಾಸಕರು ವಿದ್ವಾಂಸರು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ವಿದೇಶ ಪ್ರವಾಸದ ಚಿತ್ರಗಳಿಗೆ ಕೊಟ್ಟ ಸಮಯದ ಕಾಲುಭಾಗ ಇದಕ್ಕೆ ಸಾಕಿತ್ತು.

ಚಹಾದ ಹೊತ್ತಿಗೆ ಅವಳನ್ನು ಕರೆದು, ಪಾಠಕ್ಕೆಂದು ಚೀಲದಲ್ಲಿಟ್ಟುಕೊಳ್ಳುವ, ಹಳೆಯ ಹಾರ್ಡ್ ಡಿಸ್ಕಿನಿಂದ ಕಿತ್ತ ಎರಡು ಅಯಸ್ಕಾಂತಗಳನ್ನು ಕೊಟ್ಟೆ. ಅವುಗಳ ಒಂದೇ ಮುಖದಲ್ಲಿ ಎರಡೂ ಧ್ರುವಗಳಿರುತ್ತವೆ. ನಡುವೆ ನೋಟುಪುಸ್ತಕದ ಹಾಳೆಗಳನ್ನು ಸೇರಿಸುತ್ತಾ ಹೋದಂತೆ ಹಿಡಿತ ಸಡಿಲವಾದದ್ದು ಅವಳ ಬೆರಳಿಗೇ ತಿಳಿಯಿತು. ಅಂಡ್ಯುಲೇಟರಿನಲ್ಲೂ ಅಂತರ ಹೆಚ್ಚಿದಂತೆ ಕಾಂತಕ್ಷೇತ್ರ ಘಾತೀಯವಾಗಿ ಕುಸಿಯುತ್ತದೆ. ಧ್ರುವಗಳ ಆವರ್ತ, ಅಂದರೆ ಸಾಲಿನಲ್ಲಿ ಅದೇ ಧ್ರುವ ಮರುಕಳಿಸುವ ದೂರ, ಚಿಕ್ಕದಾದಷ್ಟೂ ಕುಸಿತ ತೀವ್ರ. ಅಯಸ್ಕಾಂತ ಹೊರಗಿದ್ದರೆ ನಿರ್ವಾತ ಕೊಳವೆಯ ಗೋಡೆಯೇ ಕೆಲವು ಮಿಲಿಮೀಟರ್ ನುಂಗುತ್ತದೆ. ಎಲೆಕ್ಟ್ರಾನ್‌ಗಳ ಶಕ್ತಿ 8 ಜಿಇವಿ (ಗಿಗಾ ಎಲೆಕ್ಟ್ರಾನ್ ವೋಲ್ಟ್) ಇರುವ ಜಪಾನಿನ ಸಿಂಕ್ರೊಟ್ರಾನ್ ಸ್ಪ್ರಿಂಗ್-8ರಲ್ಲೇ ಅಯಸ್ಕಾಂತಗಳನ್ನು ಒಳಗಿಟ್ಟಿದ್ದಾರೆ, ಬರೀ 1.7 ಜಿಇವಿಯ ಬರ್ಲಿನ್ನಿನ ಬೆಸ್ಸಿ-2ರಲ್ಲಿ ಹೆಚ್ಚು ಶಕ್ತಿಯ ಎಕ್ಸ್-ಕಿರಣ ಬೇಕೆಂದರೆ ಚಿಕ್ಕ ಆವರ್ತ, ಕಿರಿದಾದ ಅಂತರ ಬಿಟ್ಟು ಬೇರೆ ದಾರಿ ಕಡಿಮೆ.

ಬಳಿಕ ಒಂದು ಅಯಸ್ಕಾಂತವನ್ನು ಪಕ್ಕಕ್ಕೆ ಸರಿಸಲು ಹೇಳಿದೆ. ಎಳೆಯುತ್ತಿದ್ದದ್ದು ದೂಡತೊಡಗಿತು. “ಓ, ಬಲದ ದಿಕ್ಕೇ ಬದಲಾಗುತ್ತದೆ!” ಎಂದಳು. ನಾಲ್ಕು ಸಾಲುಗಳ ಆಪಲ್-2 ಮಾದರಿಯ ಅಂಡ್ಯುಲೇಟರಿನಲ್ಲಿ ಕರ್ಣೀಯವಾಗಿ ಎದುರಿರುವ ಸಾಲುಗಳನ್ನು ಉದ್ದಕ್ಕೆ ಸರಿಸಿ ಬೆಳಕಿಗೆ ವೃತ್ತೀಯ ಧ್ರುವೀಕರಣ ಕೊಡುತ್ತಾರೆ, ಅಂದರೆ ಅದರ ವಿದ್ಯುತ್ ಕ್ಷೇತ್ರ ತಿರುಪಿನಂತೆ ತಿರುಗುತ್ತಾ ಸಾಗುತ್ತದೆ. ಎಡಕ್ಕೆ, ಬಲಕ್ಕೆ ತಿರುಗುವ ಎಕ್ಸ್-ಕಿರಣಗಳನ್ನು ಕಾಂತೀಕರಿಸಿದ ಕಬ್ಬಿಣ ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತದೆಂದು 1987ರಲ್ಲಿ ಗಿಸೆಲಾ ಶ್ಯೂಟ್ಸ್ ಮತ್ತು ಸಂಗಡಿಗರು ತೋರಿಸಿದ ಮೇಲೆ, ಕಾಂತವಸ್ತುಗಳ ಅಧ್ಯಯನಕ್ಕೆ ಇಂತಹ ಬೆಳಕು ಅನಿವಾರ್ಯವೆನ್ನುವಷ್ಟಾಗಿದೆ.

ಹೊರಗಿದ್ದರೆ ಈ ಸರಿಸುವಿಕೆ ಸುಲಭ. ಒಳಗಾದರೆ ಪ್ರತಿ ಚಲನೆಯೂ ನಿರ್ವಾತ ಕೆಡದಂತೆ ಬೆಲ್ಲೋಸ್ (ಹಿಗ್ಗಿ ಕುಗ್ಗುವ ಲೋಹದ ತಿದಿ) ಮೂಲಕವೇ ಹೋಗಬೇಕು; ದಿಕ್ಕು ಬದಲಿಸುವ ಬಲಕ್ಕೆ ತೊಲೆಗಳು ಬಾಗಬಾರದು; ಅತ್ಯುಚ್ಚ ನಿರ್ವಾತಕ್ಕಾಗಿ ಇಡೀ ಜೋಡಣೆಯನ್ನು ಕಾಯಿಸುವಾಗ ಅಯಸ್ಕಾಂತ ಸತ್ವ ಕಳೆದುಕೊಳ್ಳಬಾರದು. ಎಲೆಕ್ಟ್ರಾನ್ ಪುಂಜಕ್ಕೆ ನಯವಾದ ಲೋಹದ ಮೈ ಬೇಕೆಂದು ಅಯಸ್ಕಾಂತಗಳಿಗೆ ತೆಳು ತಗಡು ಹೊದಿಸುತ್ತಾರೆ. ಅಕ್ಕಪಕ್ಕದ ಸಾಲುಗಳೆರಡಕ್ಕೂ ಒಂದೇ ತಗಡು ಹೊದಿಸಿದರೆ ಸರಿಸುವಾಗ ಹರಿಯುತ್ತದೆ. ಇದೆಲ್ಲವನ್ನೂ ಎದುರಿಸಿಯೇ ಬೆಸ್ಸಿಯವರು 32 ಮಿಲಿಮೀಟರ್ ಆವರ್ತದ, ನಿರ್ವಾತದೊಳಗಿನ ಆಪಲ್-2 ರೂಪಿಸಹೊರಟದ್ದು.

ಮಂಗಳೂರು ಬಳಿಯ ಕೊಣಾಜೆಯಲ್ಲಿ ಮೈಕ್ರೊಟ್ರಾನ್ ಎಂಬ ಎಲೆಕ್ಟ್ರಾನ್ ವೇಗವರ್ಧಕವಿರುವ ಕರಾವಳಿಯ ಮಕ್ಕಳಿಗೆ ಇದು ಪಠ್ಯದಾಚೆಯ ವಿಷಯವೆಂದು ತೀರ್ಮಾನಿಸುವವರು ಯಾರು? ಆ ಹುಡುಗಿಯಂತೂ ಗೋಳಿಬಜೆ ತಣ್ಣಗಾಗಲು ಬಿಟ್ಟು, “ಎಲ್ಲ ಮುಚ್ಚಿದ ಮೇಲೆ ಅಷ್ಟು ಕಿರಿದಾದ ಸಂದಿಯಲ್ಲಿ ಕ್ಷೇತ್ರ ಅಳೆಯುವುದು ಹೇಗೆ ಸರ್?” ಎಂದು ಮುಂದಿನದಕ್ಕೆ ಹೋಗಿದ್ದಳು.