ಎಫ್-8: ಎಲ್ಲಿಗೆ ಬಂತು ಕೆಲಸ

ತೀರ್ಥಹಳ್ಳಿ ಕಡೆ ಮಳೆ ಹಿಡಿದು ಒಂಬತ್ತು ದಿನ ಆಯ್ತು. ತೋಟಕ್ಕೆ ಎರಡನೇ ಸಲ ಔಷಧಿ ಹೊಡೆಸೋಣ ಅಂದ್ರೆ ಹೊಳವೇ ಆಗುತ್ತಿಲ್ಲ. ಮೈಲುತುತ್ತದ ಚೀಲ ಕೊಟ್ಟಿಗೆಯಲ್ಲಿ, ನಾನು ಹಳೇ ಲ್ಯಾಪ್‌ಟಾಪ್ ಮುಂದೆ.

2ರ 256ನೇ ಘಾತಕ್ಕೆ 1 ಕೂಡಿಸಿದರೆ 78 ಅಂಕಿಯ ಸಂಖ್ಯೆ ಬರುತ್ತದೆ. ಅದನ್ನು ಒಡೆಯಬೇಕು, ಅಂದ್ರೆ ಯಾವ ಸಂಖ್ಯೆಗಳ ಗುಣಲಬ್ಧ ಅಂತ ಹುಡುಕಬೇಕು, ಕೆಲಸ ಇಷ್ಟೇ. ಹೆಸರು ಎಫ್-8, ಫರ್ಮಾ ಸಂಖ್ಯೆಗಳ ಸಾಲಿನದು. ಸಾಲು ಶುರುವಾಗುವುದು 3, 5, 17, 257, 65537 ಅಂತ, ಎಫ್-0ರಿಂದ ಎಫ್-4ರವರೆಗೆ; ಪ್ರತಿ ಸಲ 2ರ ಘಾತ ಇಮ್ಮಡಿ. ಈ ಐದೂ ಅವಿಭಾಜ್ಯ. ಮುಂದಿನವೂ ಹಾಗೇ ಅಂತ ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಎಫ್-5 ಅನ್ನು, ಅಂದ್ರೆ 2ರ 32ನೇ ಘಾತಕ್ಕೆ 1 ಕೂಡಿಸಿದ್ದನ್ನು, 641ರಿಂದ ಭಾಗಿಸಿ ತೋರಿಸಿದ.

ಮೊದಲ ದಿನ ಇದನ್ನೇ ಕ್ಯಾಲೆಂಡರ್ ಹಿಂದುಗಡೆ ಕೈಲೆಕ್ಕ ಮಾಡಿದೆ. 641 ಅಂದ್ರೆ 5 × 128 + 1. ಅದೇ 641 ಅಂದ್ರೆ 625 + 16 ಕೂಡ. 641ರಿಂದ ಭಾಗಿಸಿ ಬರೀ ಶೇಷ ನೋಡುತ್ತಾ ಹೋದರೆ 5 × 128ರ ಬೆಲೆ −1. ಅದರ ನಾಲ್ಕನೇ ಘಾತ 1. ಅಂದ್ರೆ 625ನ್ನು 2ರ 28ನೇ ಘಾತದಿಂದ ಗುಣಿಸಿದರೆ 1. ಈಗ 625ರ ಜಾಗಕ್ಕೆ −16 ಹಾಕಿ. 2ರ 32ನೇ ಘಾತ −1 ಆಯ್ತು, ಅದಕ್ಕೆ 1 ಕೂಡಿಸಿದರೆ ಸೊನ್ನೆ. ದೊಡ್ಡ ಭಾಗಾಕಾರ ಒಂದೂ ಇಲ್ಲ, ಚೆನ್ನಾಗಿದೆ ಅಲ್ವಾ?

ಎಫ್-6ಕ್ಕೆ ಮಗ್ಗಿ ಸಾಕು. ಅದರ ಅಪವರ್ತನಗಳೆಲ್ಲ 256ರ ಮಗ್ಗಿಗಿಂತ 1 ಜಾಸ್ತಿ ಇರಲೇಬೇಕು. ಮಗ್ಗಿಯ 1071ನೇ ಸಾಲಿಗೆ 274177 ಸಿಕ್ಕಿತು. ಎಫ್-7ಕ್ಕೆ 512ರ ಮಗ್ಗಿ. ಆದರೆ ಹಾಗೆ ಹೊರಟರೆ 116 ಲಕ್ಷ ಕೋಟಿ ಸಾಲು ದಾಟಬೇಕು.

ಅದಕ್ಕೇ ಪೊಲಾರ್ಡ್ 1975ರಲ್ಲಿ ಕೊಟ್ಟ ರೋ ವಿಧಾನ ಹಿಡಿದೆ. ಒಂದು ಸಂಖ್ಯೆಯ ವರ್ಗ ಮಾಡಿ, 1 ಕೂಡಿಸಿ, ಶೇಷ ಇಟ್ಟುಕೊಂಡು ಮತ್ತೆ ಅದನ್ನೇ ಮಾಡುವುದು. ಹೀಗೆ ಬರುವ ಸಂಖ್ಯೆಗಳ ಸಾಲಿನಲ್ಲಿ ಆಮೆ, ಮೊಲ ಅಂತ ಎರಡು ಗುರುತು ಓಡಿಸಬೇಕು; ಆಮೆ ಒಂದು ಹೆಜ್ಜೆ ಇಟ್ಟರೆ ಮೊಲ ಎರಡು. ಎರಡರ ವ್ಯತ್ಯಾಸಕ್ಕೂ ನಮ್ಮ ಸಂಖ್ಯೆಗೂ ಮಸಾಅ (ಮಹತ್ತಮ ಸಾಮಾನ್ಯ ಅಪವರ್ತನ) ತೆಗೆಯಬೇಕು. 1 ಬಿಟ್ಟು ಬೇರೇನಾದರೂ ಬಂದ ದಿನ ಹಬ್ಬ.

ನನ್ನ ದಡ್ಡತನ ಅಂದ್ರೆ ಪ್ರತಿ ಹೆಜ್ಜೆಗೂ ಮಸಾಅ ತೆಗೆದದ್ದು. ಎಫ್-7 ಮುಕ್ಕಾಲು ಗಂಟೆ ಓಡಿತು, ಆಮೇಲೆ ಕರೆಂಟ್ ಹೋಯ್ತು. ಬ್ಯಾಟರಿ ಸತ್ತು ಎರಡು ವರ್ಷ ಆಗಿದೆ. ಎಲ್ಲೂ ಬರೆದಿಟ್ಟಿರಲಿಲ್ಲ. ಅಪ್ಪಯ್ಯ ಚಿಮಣಿ ಹಿಡಿದು ಬಂದು, ನಾನು ಹಾಳೆಯಲ್ಲಿ ಬರೆದಿದ್ದ 39 ಅಂಕಿ ನೋಡಿ, "ಇದ್ಯಾವ ಮಂಡಿ ಲೆಕ್ಕನೋ ಮಾರಾಯ?" ಅಂದರು.

ಮಾರನೇ ದಿನ 500 ವ್ಯತ್ಯಾಸಗಳನ್ನು ಗುಣಿಸಿ ಒಂದೇ ಸಲ ಮಸಾಅ ತೆಗೆಯುವ ಹಾಗೆ ತಿದ್ದಿದೆ. ಆಗಾಗ ಆಮೆ, ಮೊಲ ಎಲ್ಲಿವೆ ಅಂತ ಫೈಲಿಗೆ ಬರೆಯುವ ಸಾಲೂ ಸೇರಿಸಿದೆ. ಎಫ್-7 ಮೇಲೆ ಸಿಟ್ಟಿತ್ತು, ಸುಮ್ನೆ ಎಫ್-8 ಹಾಕಿ ನೋಡಿದೆ. ಕಷಾಯ ಆರುವುದರೊಳಗೆ ಪರದೆ ಮೇಲೆ ಬಂತು:

1238926361552897

1 ಕಳೆದು 1024ರಿಂದ ಭಾಗಿಸಿದೆ. 1209889024954, ಶೇಷ ಇಲ್ಲ. ಎಫ್-8ಕ್ಕೆ 1024ರ ಮಗ್ಗಿಯೇ ಬೇಕು, ಸರಿಯಾಗಿದೆ. ಎಫ್-8 ಒಡೆಯುತ್ತದೆ ಅಂತ 1909ರಲ್ಲೇ ಗೊತ್ತಿತ್ತು, 3ರ ಒಂದು ಭಾರೀ ಘಾತವನ್ನು ಅದರಿಂದ ಭಾಗಿಸಿದ ಶೇಷ ನೋಡಿ ಕಂಡುಕೊಂಡಿದ್ದರು. ಯಾವುದರಿಂದ ಅನ್ನೋದು ಮಾತ್ರ 71 ವರ್ಷ ಗೊತ್ತಾಗಲಿಲ್ಲ. 1980ರಲ್ಲಿ ಬ್ರೆಂಟ್ ಮತ್ತು ಪೊಲಾರ್ಡ್ ಇದೇ ರೋ ವಿಧಾನವನ್ನು ಸ್ವಲ್ಪ ತಿದ್ದಿ, ಯುನಿವ್ಯಾಕ್ ಕಂಪ್ಯೂಟರನ್ನು ಎರಡು ಗಂಟೆ ಓಡಿಸಿ ಹಿಡಿದರು.

78 ಅಂಕಿಯದು 39 ಅಂಕಿಯದಕ್ಕಿಂತ ಮೊದಲೇ ಒಡೆಯಿತಲ್ಲ! ರೋಗೆ ಬೇಕಾಗುವ ಹೆಜ್ಜೆ ಸುಮಾರಾಗಿ ಸಣ್ಣ ಅಪವರ್ತನದ ವರ್ಗಮೂಲದಷ್ಟು. ಎಫ್-8ಕ್ಕೆ ಮೂರೂವರೆ ಕೋಟಿ, ಎಫ್-7ಕ್ಕೆ 24 ಕೋಟಿ. ಸಂಖ್ಯೆ ಎಷ್ಟು ಉದ್ದ ಅನ್ನೋದು ಪ್ರತಿ ಹೆಜ್ಜೆಯನ್ನು ಸ್ವಲ್ಪ ಭಾರ ಮಾಡುತ್ತದೆ, ಅಷ್ಟೇ. ಎಫ್-7 ಕೂಡ ಸಂಜೆಗೆ ಸಿಕ್ಕಿತು: 59649589127497217.

ನಿನ್ನೆ ಎಫ್-9, 155 ಅಂಕಿ. 2048ರ ಮಗ್ಗಿಯ 1184ನೇ ಸಾಲಿಗೇ 2424833 ಬಂತು, ರೋ ಬೇಕಾಗಲೇ ಇಲ್ಲ. ಉಳಿದದ್ದು 148 ಅಂಕಿಯ ಸಂಯುಕ್ತ ಸಂಖ್ಯೆ. ಅದರ ಸಣ್ಣ ಅಪವರ್ತನವೇ 49 ಅಂಕಿಯದು, 1990ರವರೆಗೆ ಯಾರಿಗೂ ಸಿಕ್ಕಿರಲಿಲ್ಲ. ಅದರ ಹಿಂದೆ ನನ್ನ ಆಮೆ-ಮೊಲವನ್ನು ಓಡಿಸಲು ಹೋಗುವುದಿಲ್ಲ. ಫೈಲ್ ಮುಚ್ಚಿದ್ದೇನೆ. ಈಗ ಸ್ವಲ್ಪ ಹೊಳವಾಗಿದೆ, ಔಷಧಿ ಹೊಡೆಯುವವನಿಗೆ ಫೋನ್ ಮಾಡಬೇಕು.