ಅವರು ನಿಜವಾಗಿ ಸೈತಾನನನ್ನು ಪೂಜಿಸುತ್ತಾರಾ?

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಇರುವವರಿಗೆ ಅಕ್ಟೋಬರ್ ಬಂತೆಂದರೆ ನೆಂಟರು ತಪ್ಪಿದ್ದಲ್ಲ. ಮೊದಲು ಮರಗಳ ಬಣ್ಣ ನೋಡಬೇಕು, ಆಮೇಲೆ ಸೇಲಂ ನೋಡಬೇಕು. 1692ರಲ್ಲಿ ಮಾಟಗಾರರೆಂದು ಹಣೆಪಟ್ಟಿ ಹಚ್ಚಿ 19 ಜನರನ್ನು ಗಲ್ಲಿಗೇರಿಸಿದ ಊರು ಅದು. ಈಗ ಅದೇ ಕಥೆ ಮಾರಿಕೊಂಡು ಚೆನ್ನಾಗಿ ಬದುಕುತ್ತಿದೆ. ಆ ಊರಿನ ಬ್ರಿಜ್ ಸ್ಟ್ರೀಟ್‌ನಲ್ಲಿ ಒಂದು ಹಳೇ ಕಾಲದ ದೊಡ್ಡ ಮನೆ ಇದೆ. ಹಿಂದೆ ಅದು ಶವಸಂಸ್ಕಾರದ ವ್ಯವಸ್ಥೆ ಮಾಡುವವರ ಜಾಗವಾಗಿತ್ತು. ಅದರ ಮುಂದೆ ಹಾದುಹೋಗುವಾಗ ಎಲ್ಲರದ್ದೂ ಒಂದೇ ಪ್ರಶ್ನೆ: "ಇಲ್ಲಿ ಸೈತಾನನಿಗೆ ಗುಡಿ ಕಟ್ಟಿದ್ದಾರಂತಲ್ಲ, ನಿಜವಾಗ್ಲೂ ಪೂಜೆ ಮಾಡ್ತಾರಾ?" ಬೆಂಗಳೂರಿನಿಂದ ಫೋನ್ ಮಾಡುವವರೂ ಇದನ್ನೇ ಕೇಳುತ್ತಾರೆ, ಸ್ವಲ್ಪ ದನಿ ತಗ್ಗಿಸಿ.

ಚುಟುಕಾಗಿ ಹೇಳಬೇಕೆಂದರೆ, ಇಲ್ಲ. ಆ ಮನೆ 'ಸೆಟಾನಿಕ್ ಟೆಂಪಲ್' ಎಂಬ ಸಂಘಟನೆಯ ಕೇಂದ್ರ ಕಚೇರಿ. 2013ರಲ್ಲಿ ಹೆಸರು ಮಾಡತೊಡಗಿ, 2016ರಲ್ಲಿ ಸೇಲಂಗೆ ಬಂದ ಸಂಘಟನೆ. ಅವರು ದೇವರನ್ನು ನಂಬುವುದಿಲ್ಲ, ಸೈತಾನನನ್ನೂ ನಂಬುವುದಿಲ್ಲ. ಮಾಟ, ಮಂತ್ರ, ಬಲಿ ಯಾವುದೂ ಇಲ್ಲ. ಅವರಿಗೆ ಏಳು ಸೂತ್ರಗಳಿವೆ. ಎಲ್ಲ ಜೀವಿಗಳ ಬಗ್ಗೆಯೂ ಕರುಣೆ ಇರಲಿ, ನಿಮ್ಮ ದೇಹದ ಮೇಲೆ ನಿಮ್ಮದೇ ಅಧಿಕಾರ, ನಂಬಿಕೆ ವಿಜ್ಞಾನಕ್ಕೆ ಹೊಂದುವಂತಿರಲಿ, ಹೀಗೆ. ನಮ್ಮ ಚಿಕ್ಕಪ್ಪ ಅದನ್ನು ಫೋನಿನಲ್ಲಿ ಓದಿ "ಇಷ್ಟೇನಾ?" ಅಂದರು. ಅವರಿಗೆ ನಿರಾಸೆಯಾಗಿದ್ದು ಮುಖದಲ್ಲೇ ಕಾಣುತ್ತಿತ್ತು.

ಇವರ ಸೈತಾನ ಬಂದಿರುವುದು ಕವಿಗಳಿಂದ. 1667ರಲ್ಲಿ ಪ್ರಕಟವಾದ ಮಿಲ್ಟನ್ನನ ಮಹಾಕಾವ್ಯದಲ್ಲಿ ಸೈತಾನ ದೇವರ ಆಳ್ವಿಕೆಗೆ ತಲೆಬಾಗದೆ ಎದ್ದುನಿಂತ ಬಂಡಾಯಗಾರ. ಮಿಲ್ಟನ್ ಸ್ವತಃ ದೈವಭಕ್ತ. ಆದರೆ ಮುಂದೆ ಶೆಲ್ಲಿಯಂಥವರು ಆ ಬಂಡಾಯಕ್ಕೇ ಮನಸೋತರು. ಸೆಟಾನಿಕ್ ಟೆಂಪಲ್‌ನವರಿಗೆ ಬೇಕಾದದ್ದು ಆ ಚಿತ್ರ ಮಾತ್ರ.

"ಹಾಗಾದರೆ ಬೇರೆ ಹೆಸರು ಇಟ್ಕೋಬಹುದಿತ್ತಲ್ಲ, ಸುಮ್ನೆ ಯಾಕೆ ಜನರನ್ನ ಕೆರಳಿಸೋದು?" ಇದು ಎರಡನೇ ಪ್ರಶ್ನೆ. ಇದರ ಉತ್ತರ ಆ ಮನೆಯೊಳಗಿನ ವಿಗ್ರಹದಲ್ಲಿದೆ.

ಸುಮಾರು ಎಂಟೂವರೆ ಅಡಿ ಎತ್ತರದ ಕಂಚಿನ ವಿಗ್ರಹ. ಆಡಿನ ತಲೆ, ಕೋಡು, ಬೆನ್ನಿಗೆ ರೆಕ್ಕೆ. ಒಂದು ಕೈ ಮೇಲಕ್ಕೆ, ಇನ್ನೊಂದು ಕೆಳಕ್ಕೆ. ಎರಡೂ ಪಕ್ಕದಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ನಿಂತು ಅದರ ಮುಖವನ್ನೇ ನೋಡುತ್ತಿದ್ದಾರೆ. ಹೆಸರು ಬ್ಯಾಫೊಮೆಟ್. ಈ ರೂಪವನ್ನು ಬರೆದವನು ಎಲಿಫಾಸ್ ಲೆವಿ ಎಂಬ ಫ್ರೆಂಚ್ ಲೇಖಕ, 1850ರ ದಶಕದಲ್ಲಿ. ಅವನ ಚಿತ್ರದಲ್ಲಿ ಸ್ತನಗಳಿದ್ದವು, ಇಲ್ಲಿ ತೆಗೆದಿದ್ದಾರೆ. ಸರ್ಕಾರಿ ಜಾಗದಲ್ಲಿ ನಿಲ್ಲಬೇಕೆಂದು ಮಾಡಿಸಿದ ವಿಗ್ರಹ ನೋಡಿ. ಅಶ್ಲೀಲ ಅನ್ನುವ ನೆಪ ಯಾರಿಗೂ ಸಿಗಬಾರದಲ್ಲ!

ಆ ಸರ್ಕಾರಿ ಜಾಗ ಓಕ್ಲಹೋಮ ರಾಜ್ಯದ ಶಾಸನಸಭೆಯ ಆವರಣ. 2012ರಲ್ಲಿ ಅಲ್ಲಿ ಬೈಬಲ್ಲಿನ ಹತ್ತು ಆಜ್ಞೆಗಳನ್ನು ಕೆತ್ತಿದ ಕಲ್ಲು ನಿಲ್ಲಿಸಿದರು. ದುಡ್ಡು ಒಬ್ಬ ಶಾಸಕರ ಕುಟುಂಬದ್ದು, ಜಾಗ ಸರ್ಕಾರದ್ದು. ಕೆತ್ತಿದವರು ಕಾಗುಣಿತವನ್ನೂ ತಪ್ಪಿದ್ದರು, ಆಮೇಲೆ ತಿದ್ದಬೇಕಾಯಿತು. ಒಂದು ಧರ್ಮಕ್ಕೆ ಜಾಗ ಕೊಟ್ಟಿದ್ದೀರಿ, ನಮಗೂ ಕೊಡಿ ಎಂದು ಸೆಟಾನಿಕ್ ಟೆಂಪಲ್‌ನವರು ಅರ್ಜಿ ಹಾಕಿದರು. ಅವರೊಬ್ಬರೇ ಅಲ್ಲ. ನೆವಾಡದ ಒಬ್ಬ ಹಿಂದೂ ಮುಖಂಡರು ಹನುಮಂತನ ಮೂರ್ತಿ ನಿಲ್ಲಿಸುತ್ತೇವೆ ಎಂದರು. ಈ ಮಾತು ಹೇಳಿದ ತಕ್ಷಣ ನಮ್ಮವರ ಮುಖಭಾವ ಬದಲಾಗುತ್ತದೆ. ಅಲ್ಲಿಯವರೆಗೆ "ಛೇ, ಏನಿದು" ಅನ್ನುತ್ತಿದ್ದವರು "ಹನುಮಂತನಿಗೆ ಯಾಕೆ ಕೊಡಬಾರದು?" ಅನ್ನುತ್ತಾರೆ. ಅಷ್ಟೇ ರೀ, ಅವರು ಕೇಳುತ್ತಿರುವುದೂ ಅದನ್ನೇ.

ಊರಿನ ಸಮುದಾಯ ಭವನವನ್ನು ಎಲ್ಲರಿಗೂ ಬಾಡಿಗೆಗೆ ಕೊಡುತ್ತೇವೆ ಎಂದು ಬೋರ್ಡ್ ಹಾಕಿದ ಮೇಲೆ, ನಿಮ್ಮ ಮುಖ ನಮಗೆ ಹಿಡಿಸಲಿಲ್ಲ ಎಂದು ಒಬ್ಬರನ್ನು ವಾಪಸ್ ಕಳಿಸುವ ಹಾಗಿಲ್ಲ. ಅಮೆರಿಕದ ಕಾನೂನು ಹೇಳುವುದು ಹೆಚ್ಚೂಕಡಿಮೆ ಇದನ್ನೇ. ಆದರೆ ಬಾಯಲ್ಲಿ 'ಎಲ್ಲ ಧರ್ಮಗಳಿಗೂ' ಅನ್ನುವವರು ಮನಸ್ಸಿನಲ್ಲಿ ಲೆಕ್ಕ ಹಾಕಿರುವುದು ಒಂದನ್ನೇ. ಅದು ಹೊರಗೆ ಬರಬೇಕಾದರೆ ಅರ್ಜಿ ಹಾಕುವವನು ಎಲ್ಲರಿಗಿಂತ ಜಾಸ್ತಿ ಹಿಡಿಸದವನಾಗಿರಬೇಕು. ಹೆಸರು ಬದಲಾಯಿಸಿಕೊಂಡರೆ ಅವರ ಕೆಲಸವೇ ನಡೆಯುವುದಿಲ್ಲ.

ಓಕ್ಲಹೋಮದ್ದು ಮುಗಿದದ್ದು ಹೀಗೆ. 2015ರ ಜೂನ್ 30ರಂದು ಅಲ್ಲಿನ ಸುಪ್ರೀಂ ಕೋರ್ಟ್ ಕಲ್ಲು ತೆಗೆಯಿರಿ ಎಂದಿತು. ಗಮನಿಸಿ, ಆ ಕೇಸು ಹಾಕಿದವರಲ್ಲಿ ಮುಖ್ಯವಾದವರು ಒಬ್ಬ ಬ್ಯಾಪ್ಟಿಸ್ಟ್ ಪಾದ್ರಿ. ಸೈತಾನನ ಹೆಸರಿನವರಿಗೆ ಸಿಕ್ಕಿದ್ದು ಸುದ್ದಿ, ಕೋರ್ಟಿನಲ್ಲಿ ಗೆದ್ದದ್ದು ಪಾದ್ರಿ. ವಿಗ್ರಹವನ್ನು ಅದೇ ಜುಲೈನಲ್ಲಿ ಡೆಟ್ರಾಯಿಟ್‌ನಲ್ಲಿ ಅನಾವರಣ ಮಾಡಿದರು. ಒಳಗೆ ಬರುವವರು ತಮ್ಮ ಆತ್ಮವನ್ನು ಸೈತಾನನಿಗೆ ಒಪ್ಪಿಸಿದ್ದೇವೆ ಎಂದು ಒಂದು ಕಾಗದಕ್ಕೆ ಸಹಿ ಹಾಕಬೇಕಿತ್ತು. ಗಲಾಟೆ ಮಾಡಲು ಬರುವವರು ಅಂಥ ಕಾಗದಕ್ಕೆ ಹೆದರುತ್ತಾರೆ, ಬಾಗಿಲಲ್ಲೇ ನಿಂತುಬಿಡುತ್ತಾರೆ ಅನ್ನುವುದು ಲೆಕ್ಕ. ನನಗೆ ಇವರ ತಮಾಷೆಗಳಲ್ಲಿ ಎಲ್ಲವೂ ಹಿಡಿಸುವುದಿಲ್ಲ, ಇದು ಹಿಡಿಸಿತು.

ಇವರಿಗಿಂತ ಹಿಂದಿನವರು ಬೇರೆಯೇ ಜಾತಿ. 1966ರ ಏಪ್ರಿಲ್ 30ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಂಟನ್ ಲಾವೇ ಎಂಬಾತ ತಲೆ ಬೋಳಿಸಿಕೊಂಡು 'ಚರ್ಚ್ ಆಫ್ ಸೇಟನ್' ಶುರುಮಾಡಿದ. ಮನೆಗೆ ಕಪ್ಪು ಬಣ್ಣ ಬಳಿಸಿ, ಒಳಗೆ ಒಂದು ಸಿಂಹ ಸಾಕಿದ್ದ. ಅದರ ಗರ್ಜನೆಗೆ ಅಕ್ಕಪಕ್ಕದವರು ದೂರು ಕೊಟ್ಟು, ಕೊನೆಗೆ ಅದನ್ನು ಮೃಗಾಲಯಕ್ಕೆ ಕಳಿಸಬೇಕಾಯಿತು. ಅವನೂ ಸೈತಾನ ಇದ್ದಾನೆಂದು ನಂಬಿದವನಲ್ಲ. 1969ರಲ್ಲಿ ಬಂದ ಅವನ 'ಸೆಟಾನಿಕ್ ಬೈಬಲ್' ಹೇಳುವುದು ನಿನ್ನ ಸುಖ ನೀನು ನೋಡಿಕೋ, ಬಲಶಾಲಿಯೇ ಗೆಲ್ಲುವವನು ಅಂತ. ಅದರ ಒಂದು ಭಾಗವನ್ನು 19ನೇ ಶತಮಾನದ ಕೊನೆಯ ಒಂದು ಜನಾಂಗದ್ವೇಷಿ ಪುಸ್ತಕದಿಂದ ಎತ್ತಿಕೊಂಡಿದ್ದ. ಲಾವೇ 1997ರಲ್ಲಿ ತೀರಿಕೊಂಡ. ಚರ್ಚ್ ಈಗಲೂ ಇದೆ, ಒಮ್ಮೆ 225 ಡಾಲರ್ ಕಟ್ಟಿದರೆ ಸದಸ್ಯತ್ವ. ಸೇಲಂನವರನ್ನು ಕಂಡರೆ ಇವರಿಗೆ ಆಗುವುದಿಲ್ಲ, ಅವರು ಸೈತಾನನ ಹೆಸರಿನಲ್ಲಿ ರಾಜಕೀಯ ಮಾಡುವವರು ಎಂದು ಮೂಗು ಮುರಿಯುತ್ತಾರೆ. ನನಗೆ ಲಾವೇ ಒಬ್ಬ ಒಳ್ಳೆಯ ಷೋಮನ್ ಅಷ್ಟೇ.

ಅತ್ತೆಯೊಬ್ಬರು ಇಷ್ಟೆಲ್ಲ ಕೇಳಿದ ಮೇಲೂ ಬಿಡಲಿಲ್ಲ. "ಬೆಂಕಿ ಇಲ್ಲದೆ ಹೊಗೆ ಆಡುತ್ತಾ? ಮಕ್ಕಳನ್ನ ಬಲಿ ಕೊಡ್ತಾರೆ ಅಂತ ಎಷ್ಟು ವಿಡಿಯೋ ಬರುತ್ತೆ." ಆಡುತ್ತೆ ಅತ್ತೆ. ಈ ವಿಷಯದಲ್ಲಂತೂ ನೂರು ವರ್ಷದ ಮೇಲಾಯಿತು, ಬೆಂಕಿ ಇಲ್ಲದೆಯೇ ಆಡುತ್ತಿದೆ.

1880ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಲಿಯೋ ತಾಕ್ಸಿಲ್ ಎಂಬ ಪತ್ರಕರ್ತನಿದ್ದ. ಚರ್ಚನ್ನು ಬೈದುಕೊಂಡೇ ಹೊಟ್ಟೆ ಹೊರೆದವನು. ಇದ್ದಕ್ಕಿದ್ದಂತೆ ಭಕ್ತನಾದೆ ಎಂದು ಹೇಳಿಕೊಂಡು, ಫ್ರೀಮೇಸನ್ನರು ಎಂಬ ಸೋದರ ಸಂಘದವರು ಗುಟ್ಟಾಗಿ ಸೈತಾನನನ್ನು ಪೂಜಿಸುತ್ತಾರೆ ಎಂದು ಪುಸ್ತಕದ ಮೇಲೆ ಪುಸ್ತಕ ಬರೆದ. ಅವನೂ ಅವನ ಜೊತೆಗಾರರೂ ಹೆಣೆದ ಕಥೆಗಳಲ್ಲಿ ಪಿಶಾಚಿಯೊಂದು ಮೊಸಳೆಯ ರೂಪದಲ್ಲಿ ಬಂದು ಪಿಯಾನೋ ನುಡಿಸುತ್ತದೆ! ಜನ ನಂಬಿದರು. ದೊಡ್ಡ ದೊಡ್ಡ ಪಾದ್ರಿಗಳು ನಂಬಿದರು. ಪೋಪ್ ತಮ್ಮನ್ನು ಭೇಟಿಯಾಗಲು ಅವನಿಗೆ ಅವಕಾಶ ಕೊಟ್ಟರು. ಸೈತಾನನ ಕೂಟದಿಂದ ತಪ್ಪಿಸಿಕೊಂಡು ಬಂದ ಡಯಾನಾ ವಾನ್ ಎಂಬ ಹೆಣ್ಣಿನ ಕಥೆಯನ್ನೂ ಕಟ್ಟಿದ. ಅವಳನ್ನು ತೋರಿಸು ಎಂದು ಒತ್ತಾಯ ಜೋರಾದಾಗ 1897ರ ಏಪ್ರಿಲ್ 19ರಂದು ಸಭೆ ಕರೆದು, ಹನ್ನೆರಡು ವರ್ಷದಿಂದ ನಾನು ಹೇಳಿದ್ದೆಲ್ಲ ಸುಳ್ಳು ಎಂದ. ಡಯಾನಾ ವಾನ್ ಟೈಪ್‌ರೈಟರ್ ವ್ಯಾಪಾರದಲ್ಲಿದ್ದ ತನ್ನ ಪರಿಚಯದವಳು ಎಂದ. ಸಭೆಯಲ್ಲಿ ಗದ್ದಲವೆದ್ದಿತು. ಆದರೆ ಅವನ ಕಥೆಗಳು ಮಾತ್ರ ಸಾಯಲಿಲ್ಲ, ಇಂದಿಗೂ ಫಾರ್ವರ್ಡ್ ಆಗುತ್ತಿವೆ.

ತಾಕ್ಸಿಲ್‌ನದ್ದು ನಗುವ ಕಥೆ. 1980ರ ದಶಕದ್ದು ಹಾಗಲ್ಲ. ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್‌ನಲ್ಲಿ ಮ್ಯಾಕ್‌ಮಾರ್ಟಿನ್ ಎಂಬ ಶಿಶುವಿಹಾರವಿತ್ತು. 1983ರಲ್ಲಿ ಒಬ್ಬ ತಾಯಿ ತನ್ನ ಮಗುವಿನ ಮೇಲೆ ಅಲ್ಲಿ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ದೂರು ಕೊಟ್ಟರು. ಪೊಲೀಸರು ಸುಮಾರು 200 ಮನೆಗಳಿಗೆ ಪತ್ರ ಬರೆದು, ನಿಮ್ಮ ಮಗುವನ್ನೂ ಕೇಳಿ ನೋಡಿ ಎಂದರು. ಅಲ್ಲಿಂದ ಊರಿಗೆ ಊರೇ ಹೊತ್ತಿಕೊಂಡಿತು. ಸಮಾಲೋಚಕರು ಬೊಂಬೆಗಳನ್ನು ಹಿಡಿದು ಕೂತು, ಮಗು 'ಇಲ್ಲ' ಎಂದರೆ ಮತ್ತೆ ಕೇಳಿದರು. 'ಹೌದು' ಎಂದರೆ ಹೊಗಳಿದರು. ನಾಲ್ಕೈದು ವರ್ಷದ ಮಕ್ಕಳು ಏನು ಮಾಡಿಯಾರು? ನೆಲದಡಿ ಸುರಂಗ ಇದೆ ಎಂದವು. ಮಾಟಗಾತಿಯರು ಹಾರುವುದನ್ನು ಕಂಡೆವು ಎಂದವು. ಫೋಟೋಗಳನ್ನು ತೋರಿಸಿದಾಗ ಒಂದು ಮಗು ಸಿನಿಮಾ ನಟ ಚಕ್ ನಾರಿಸ್‌ನತ್ತ ಬೆರಳು ತೋರಿಸಿತು. ಕೇಸು 1990ರವರೆಗೆ ಎಳೆಯಿತು, ಖರ್ಚು ಸುಮಾರು ಒಂದೂವರೆ ಕೋಟಿ ಡಾಲರ್. ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಮುಖ್ಯ ಆರೋಪಿ ಅಷ್ಟರಲ್ಲಿ ಐದು ವರ್ಷ ಜೈಲಿನಲ್ಲಿ ಕಳೆದಿದ್ದ. ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಇಂಥದ್ದೇ ಆರೋಪಕ್ಕೆ ಸಿಕ್ಕಿದ ಗಂಡ ಹೆಂಡತಿ 21 ವರ್ಷ ಜೈಲಿನಲ್ಲಿದ್ದು 2013ರಲ್ಲಿ ಹೊರಬಂದರು. ಅವರು ನಿರಪರಾಧಿಗಳೆಂದು ಒಪ್ಪಲು ಇನ್ನೂ ನಾಲ್ಕು ವರ್ಷ ಹಿಡಿಯಿತು.

ಎಫ್‌ಬಿಐನ ಕೆನೆತ್ ಲ್ಯಾನಿಂಗ್ ಇಂಥ ದೂರುಗಳನ್ನು ವರ್ಷಗಟ್ಟಲೆ ನೋಡಿದವರು. ಸೈತಾನನಿಗಾಗಿ ಮಕ್ಕಳನ್ನು ಕೊಲ್ಲುವ ದೊಡ್ಡ ಜಾಲವೊಂದಿದೆ ಎನ್ನಲು ಆಧಾರ ಸಿಕ್ಕಿಲ್ಲ ಎಂದು 1992ರಲ್ಲಿ ಬರೆದರು. ಆದರೂ 2016ರಲ್ಲಿ ವಾಷಿಂಗ್ಟನ್ನಿನ ಪಿಜ್ಜಾ ಅಂಗಡಿಯೊಂದಕ್ಕೆ ಒಬ್ಬ ಬಂದೂಕು ಹಿಡಿದು ನುಗ್ಗಿದ. ಅದರ ನೆಲಮಾಳಿಗೆಯಲ್ಲಿ ಮಕ್ಕಳನ್ನು ಕೂಡಿಹಾಕಿದ್ದಾರೆ ಎಂದು ಇಂಟರ್ನೆಟ್‌ನಲ್ಲಿ ಓದಿದ್ದ. ಅಂಗಡಿಗೆ ನೆಲಮಾಳಿಗೆಯೇ ಇರಲಿಲ್ಲ.

ಹಾಗಂತ ಆ ಹೆಸರಿನಲ್ಲಿ ಕೆಟ್ಟದ್ದು ಯಾರೂ ಮಾಡೇ ಇಲ್ಲ ಅಂತಲ್ಲ. 1990ರ ದಶಕದಲ್ಲಿ ನಾರ್ವೆಯ ಬ್ಲ್ಯಾಕ್ ಮೆಟಲ್ ಸಂಗೀತದ ಕೆಲವು ಹುಡುಗರು ಹಳೇ ಮರದ ಚರ್ಚುಗಳಿಗೆ ಬೆಂಕಿ ಇಟ್ಟು ಜೈಲಿಗೆ ಹೋದರು. 'ಆರ್ಡರ್ ಆಫ್ ನೈನ್ ಆ್ಯಂಗಲ್ಸ್' ಎಂಬ ಗುಂಪಂತೂ ನಾಜಿ ವಿಚಾರವನ್ನೂ ಸೈತಾನನನ್ನೂ ಬೆರೆಸಿಕೊಂಡಿದೆ. ಅದರ ಗಾಳಿ ಸೋಕಿದ ಅಮೆರಿಕದ ಸೈನಿಕನೊಬ್ಬ ತನ್ನ ತುಕಡಿಯ ಮೇಲೆಯೇ ದಾಳಿ ಮಾಡಿಸಲು ಹೊರಟಿದ್ದ. 2023ರಲ್ಲಿ ಅವನಿಗೆ 45 ವರ್ಷ ಶಿಕ್ಷೆಯಾಯಿತು. ಇವರನ್ನೂ ಸೇಲಂನವರನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಅಸಲಿಗೆ ಸೇಲಂನಲ್ಲಿ ಪೆಟ್ಟು ತಿಂದಿರುವುದು ಸೆಟಾನಿಕ್ ಟೆಂಪಲ್‌ನವರೇ: 2022ರಲ್ಲಿ ಒಬ್ಬ ಆ ಮನೆಯ ಜಗುಲಿಗೆ ಬೆಂಕಿ ಹಚ್ಚಿದ, 2024ರಲ್ಲಿ ಇನ್ನೊಬ್ಬ ಬಾಂಬ್ ಎಸೆದ.

ಅವರ ಬಗ್ಗೆ ನನಗೂ ತಕರಾರಿದೆ. ಕೋರ್ಟಿನಲ್ಲಿ ಅವರು ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. ಒಳಜಗಳವೂ ಕಡಿಮೆಯಿಲ್ಲ. ಮಾತಿನ ಸ್ವಾತಂತ್ರ್ಯದ ಪರ ನಿಂತವರು ಬಿಟ್ಟುಹೋದ ತಮ್ಮದೇ ಸದಸ್ಯರ ಮೇಲೆ ಒಂದು ಫೇಸ್‌ಬುಕ್ ಪುಟಕ್ಕಾಗಿ ಕೇಸು ಹಾಕಿದರು. ಇನ್ನು ಹಲವು ಕಡೆ ಅವರ ಅರ್ಜಿ ಬಂದ ಕೂಡಲೇ ಸರ್ಕಾರಗಳು ಬಾಗಿಲನ್ನೇ ಮುಚ್ಚುತ್ತವೆ. 2016ರಲ್ಲಿ ಫೀನಿಕ್ಸ್ ನಗರಸಭೆಯಲ್ಲಿ ಇವರು ಪ್ರಾರ್ಥನೆ ಹೇಳುವ ಸರದಿ ಬಂದಿತ್ತು. ಸದಸ್ಯರು ಮತ ಹಾಕಿ ಪ್ರಾರ್ಥನೆಯನ್ನೇ ನಿಲ್ಲಿಸಿ, ಸ್ವಲ್ಪ ಹೊತ್ತು ಮೌನ ಸಾಕು ಎಂದರು. ಗಲಾಟೆ ತಣ್ಣಗಾದ ಮೇಲೆ, ಪೊಲೀಸ್ ಮತ್ತು ಅಗ್ನಿಶಾಮಕ ಇಲಾಖೆಯ ಪಾದ್ರಿಗಳು ಮಾತ್ರ ಹೇಳಬಹುದು ಎಂದು ನಿಯಮ ಮಾಡಿ ಪ್ರಾರ್ಥನೆಯನ್ನು ವಾಪಸ್ ತಂದರು.

ಇಲ್ಲಿ ಮಕ್ಕಳಿರುವ ಕನ್ನಡದವರು ಕೊನೆಗೆ ಕೇಳುವುದು ಶಾಲೆಯ ಬಗ್ಗೆ. ಅವರ ಕ್ಲಬ್ ನಮ್ಮ ಶಾಲೆಗೂ ಬಂದರೆ? 'ಆಫ್ಟರ್ ಸ್ಕೂಲ್ ಸೇಟನ್ ಕ್ಲಬ್' 2016ರಲ್ಲಿ ಶುರುವಾದದ್ದು. ಶಾಲೆ ಬಿಟ್ಟ ಮೇಲೆ ಬೇರೆ ಗುಂಪುಗಳಿಗೆ ಜಾಗ ಕೊಡುವ ಶಾಲೆ 'ಗುಡ್ ನ್ಯೂಸ್ ಕ್ಲಬ್' ಎಂಬ ಬೈಬಲ್ ಕ್ಲಬ್‌ಗೆ ಧರ್ಮದ ಕಾರಣ ಹೇಳಿ ಇಲ್ಲ ಅನ್ನುವ ಹಾಗಿಲ್ಲ ಎಂದು 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತ್ತು. ಆ ತೀರ್ಪನ್ನೇ ಹಿಡಿದು ಇವರೂ ಜಾಗ ಕೇಳುತ್ತಾರೆ. ಇಂಥ ಕ್ಲಬ್ ಇರುವ ಶಾಲೆಗೆ ಮಾತ್ರ ಹೋಗುತ್ತಾರೆ. ಅಲ್ಲಿ ನಡೆಯುವುದು ವಿಜ್ಞಾನ, ಕರಕುಶಲ, ಆಟ. 2023ರಲ್ಲಿ ಪೆನ್ಸಿಲ್ವೇನಿಯಾದ ಸಾಕನ್ ವ್ಯಾಲಿ ಶಾಲಾ ಮಂಡಳಿ ಬೆದರಿಕೆ ಕರೆಗಳ ನೆಪ ಹೇಳಿ ಕೊಟ್ಟ ಜಾಗವನ್ನು ಹಿಂತೆಗೆದುಕೊಂಡಿತ್ತು. ಕೋರ್ಟ್ ಒಪ್ಪಲಿಲ್ಲ, ಕೊನೆಗೆ 2 ಲಕ್ಷ ಡಾಲರ್ ಕಟ್ಟಿ ರಾಜಿಯಾಗಬೇಕಾಯಿತು. ಮಗು ಆ ಕ್ಲಬ್ಬಿಗೆ ಹೋಗಬೇಕಾದರೆ ಅಪ್ಪ ಅಮ್ಮನ ಸಹಿ ಬೇಕೇ ಬೇಕು. ಬೇಡ ಅನ್ನಿಸಿದರೆ ಸಹಿ ಹಾಕಬೇಡಿ. ಹಾಗೆಯೇ ಮಗುವಿನ ಬ್ಯಾಗಿನಲ್ಲಿ ಬೈಬಲ್ ಕ್ಲಬ್ಬಿನ ಚೀಟಿ ಬಂದಾಗಲೂ ಪೂರ್ತಿ ಓದಿ ಆಮೇಲೆ ಸಹಿ ಹಾಕಿ. ನಮ್ಮವರಲ್ಲಿ ಎಷ್ಟೋ ಜನ ಅದನ್ನು ಡ್ರಾಯಿಂಗ್ ಕ್ಲಾಸ್ ಅಂದುಕೊಂಡೇ ಸಹಿ ಹಾಕಿರುತ್ತಾರೆ.